ನಕ್ಷತ್ರಗಳ ದಾರಿಯಲ್ಲೊಂದು ಶಾಸನ

ಈ ವಿಶಾಲ ವಿಶ್ವದಲ್ಲಿ ನಾವಲ್ಲದೆ ಬೇರೆ ಯಾರಾದರೂ ಇರುವರೆ ಎಂಬ ಪ್ರಶ್ನೆ ಬಹಳ ಹಳೆಯದು. ಉತ್ತರವನ್ನು ಅರಸುವವರಲ್ಲಿ ಎರಡು ಬಗೆ: ಕಿವಿಗೊಟ್ಟು ಆಲಿಸುವವರು ಕೆಲವರು, ಕೂಗಿ ಕರೆಯುವವರು ಕೆಲವರು. 1960ರಲ್ಲಿ ಅಮೆರಿಕದ ಫ್ರಾಂಕ್ ಡ್ರೇಕ್ ಗ್ರೀನ್ ಬ್ಯಾಂಕಿನ ರೇಡಿಯೊ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿ ಆಲಿಸಿದರು. ಅನ್ಯಲೋಕದ ದನಿ ಆಗಲೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಕೂಗಿ ಕರೆದವರ ಕಥೆಯಲ್ಲಿ ನಮ್ಮ ಪಾಲೂ ಒಂದಿಷ್ಟಿದೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವುಳ್ಳ ತಾಮ್ರದ ಧ್ವನಿಮುದ್ರಿಕೆಗಳಿವೆ. ಕಾರ್ಲ್ ಸೇಗನ್ನರ ನೇತೃತ್ವದಲ್ಲಿ ಸಿದ್ಧವಾದ ಈ ಮುದ್ರಿಕೆಯಲ್ಲಿ ಗಾಳಿಮಳೆಗಳ ಸದ್ದಿದೆ, ಕೇಸರಬಾಯಿ ಕೇರ್ಕರರ ಭೈರವಿಯಿದೆ, 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ದನಿಯೊಂದು ನಮಸ್ಕರಿಸಿ, ಕನ್ನಡಿಗರ ಪರವಾಗಿ ಶುಭ ಕೋರುತ್ತದೆ.

ಕೇಳುವವರಿಗೆ ಇದು ಅರ್ಥವಾದೀತೆ? ಭಾಷೆಯನ್ನು ಬೋಧಿಸಿ ಬದುಕುವ ನನ್ನಂಥವನಿಗೆ ಈ ಸಂದೇಹ ಬಾರದಿರದು. ಮಾತಿಗೆ ಅರ್ಥ ಬರುವುದು ಕೂಡಿ ಬಾಳಿದ ಬಾಳಿನಿಂದ. ಕೈಯೇ ಇಲ್ಲದ ಜೀವಿಗೆ ನಮಸ್ಕಾರವೆಂದರೇನು? ವಿಜ್ಞಾನಿಗಳೂ ಇದನ್ನು ಬಲ್ಲರು. ಆದುದರಿಂದಲೇ ಮುದ್ರಿಕೆಯ ಹೊದಿಕೆಯ ಮೇಲೆ, ಎಲ್ಲೆಡೆಯೂ ಒಂದೇ ಆಗಿರುವ ಜಲಜನಕದ ಪರಮಾಣುವನ್ನು ಅಳತೆಗೋಲಾಗಿ ಕೊರೆದರು. 14 ಪಲ್ಸಾರ್‌ಗಳ ದಿಕ್ಕುಗಳಿಂದ ನಮ್ಮ ಸೂರ್ಯನ ನೆಲೆಯನ್ನು ಸೂಚಿಸಿದರು. ಆದರೂ ಶುಭಾಶಯವನ್ನು ಬಿಡಲಿಲ್ಲ. ಅಪರಿಚಿತರ ಅಂಗಳಕ್ಕೆ ಕಾಲಿಡುವವನು, ಅವರ ಭಾಷೆ ಬಾರದಿದ್ದರೂ, ಮೊದಲು ಕ್ಷೇಮವನ್ನು ಕೋರುತ್ತಾನಷ್ಟೆ.

ಮೊದಲನೆಯ ವಾಯೇಜರ್ 2012ರಲ್ಲಿ ಸೂರ್ಯಮಾರುತದ ಎಲ್ಲೆಯನ್ನು ದಾಟಿತು. ಸೆಕೆಂಡಿಗೆ ಸುಮಾರು 17 ಕಿಲೋಮೀಟರು ವೇಗದಲ್ಲಿ ಓಡುತ್ತಿದ್ದರೂ, ಮತ್ತೊಂದು ನಕ್ಷತ್ರಕ್ಕೆ 1.6 ಜ್ಯೋತಿರ್ವರ್ಷಗಳಷ್ಟು ಹತ್ತಿರ ಬರಲು ಅದಕ್ಕೆ ಸುಮಾರು 40,000 ವರ್ಷಗಳು ಬೇಕು. ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು 1,500 ವರ್ಷ. ಅಷ್ಟರಲ್ಲಿಯೇ ಅದರ ಕನ್ನಡವನ್ನು ತರಗತಿಯಲ್ಲಿ ಪದಪದವಾಗಿ ಬಿಡಿಸಿ ಹೇಳಬೇಕಾಗಿದೆ. 40,000 ವರ್ಷಗಳ ಬಳಿಕ ಆ ಶುಭಾಶಯವನ್ನು ತಿಳಿಯಬಲ್ಲ ಕಿವಿ ಭೂಮಿಯ ಮೇಲೆಯೂ ಇರಲಾರದು. ಅದೇ ಮುದ್ರಿಕೆಯಲ್ಲಿ ಸುಮೇರಿಯನ್, ಅಕ್ಕಾಡಿಯನ್ ಭಾಷೆಗಳೂ ಇವೆ. ಅವನ್ನಾಡುತ್ತಿದ್ದ ಜನ ಅಳಿದು ಎಷ್ಟೋ ಶತಮಾನಗಳಾದುವು. ಕನ್ನಡವೂ ಅವುಗಳ ಪಂಕ್ತಿಯಲ್ಲಿಯೇ ಕುಳಿತು ಪಯಣಿಸುತ್ತಿದೆ.

ಹಳೆಯ ದಾನಶಾಸನಗಳು ಎಷ್ಟೋ ವೇಳೆ, ದಾನವನ್ನು ಕಾಪಾಡಿದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಪಾಪವನ್ನೂ ನುಡಿದು ಮುಗಿಯುತ್ತವೆ. ಈ ಬಾನ ಶಾಸನದಲ್ಲಿ ಅಂಥ ಮಾತಿಲ್ಲ. ಆದರೆ 1990ರ ಫೆಬ್ರುವರಿಯಲ್ಲಿ ಅದೇ ನೌಕೆ ಸುಮಾರು 600 ಕೋಟಿ ಕಿಲೋಮೀಟರು ದೂರದಿಂದ ಹಿಂತಿರುಗಿ ನೋಡಿ ತೆಗೆದ ಚಿತ್ರದಲ್ಲಿ, ಭೂಮಿ ಮಸುಕಾದ ಒಂದು ಚುಕ್ಕೆ ಮಾತ್ರ. ನಮಗೆ ದಾನವಾಗಿ ಬಂದದ್ದು ಆ ಚುಕ್ಕೆ, ಕಾಪಾಡಬೇಕಾದವರೂ ನಾವೇ. ಎಂದಾದರೊಂದು ದಿನ ಮಾರುತ್ತರ ಬಂದರೆ, ಓಗೊಡಲು ಮನೆಯಲ್ಲಿ ಯಾರಾದರೂ ಇರಬೇಡವೆ?