ಒಲೆಯ ಗೋಡೆಯೊಳಗಿನ ಪುಡಿ: ಹಳೆಯ ಬೀಡುಕಬ್ಬಿಣದ ಒಲೆಗಳಲ್ಲಿ ಉಷ್ಣರೋಧಕಗಳು

ಅಡಿಗೆಮನೆಯ ಇತಿಹಾಸವನ್ನು ಬರೆಯಹೊರಟವರು ಕಣ್ಣಿಗೆ ಕಾಣುವ ವಸ್ತುಗಳನ್ನು ಕುರಿತು ಬರೆಯುವುದು ಸಹಜ. ಒಲೆಯ ಆಕಾರ, ಅದಕ್ಕೆ ಒಡ್ಡುವ ಸೌದೆ ಅಥವಾ ಕಲ್ಲಿದ್ದಲು, ಮೇಲಿಡುವ ಪಾತ್ರೆ ಇವುಗಳ ವರ್ಣನೆಗೆ ಕೊರತೆಯಿಲ್ಲ. ಆದರೆ ಯೂರೋಪಿನ ಬೀಡುಕಬ್ಬಿಣದ ಒಲೆ 1920ರ ದಶಕದಲ್ಲಿ ಪಡೆದ ರೂಪಾಂತರದಲ್ಲಿ, ಅದರ ಒಳಗೋಡೆ ಹೊರಗೋಡೆಗಳ ನಡುವೆ ಯಾರಿಗೂ ಕಾಣದಂತೆ ತುಂಬಿದ್ದ ಒಂದು ಬಗೆಯ ಪುಡಿಗೆ ಕಬ್ಬಿಣದಷ್ಟೇ ಪಾತ್ರವುಂಟು. ಆ ಪುಡಿಯನ್ನೂ ಅದರ ಸ್ಥಾನಕ್ಕೆ ಬಂದ ಇತರ ವಸ್ತುಗಳನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹುರಿಯುವ ಗೂಡು, ಬೇಯಿಸುವ ತಟ್ಟೆ, ನೀರು ಕಾಯಿಸುವ ತೊಟ್ಟಿ ಇವೆಲ್ಲವನ್ನೂ ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿದ ಒಲೆಗೆ ಇಂಗ್ಲೆಂಡಿನಲ್ಲಿ ‘ರೇಂಜ್’ ಎಂಬ ಹೆಸರು ಬಂದಿತು. 1780ರಲ್ಲಿ ಥಾಮಸ್ ರಾಬಿನ್‌ಸನ್ ಎಂಬವನು ಬೆಂಕಿ ತೆರೆದಿರುವ ರೇಂಜಿಗೂ, 1802ರಲ್ಲಿ ಎಕ್ಸೆಟರಿನ ಜಾರ್ಜ್ ಬಾಡ್ಲಿ ಎಂಬವನು ಮೇಲ್ಭಾಗ ಮುಚ್ಚಿದ ರೇಂಜಿಗೂ ಪೇಟೆಂಟ್ ಪಡೆದರು. ಬೀಡುಕಬ್ಬಿಣ ಉಷ್ಣವನ್ನು ಸುಲಭವಾಗಿ ಸಾಗಿಸುವ ಲೋಹ. ಆದುದರಿಂದ ಉರಿದ ಕಲ್ಲಿದ್ದಲಿನ ಶಾಖದಲ್ಲಿ ಬಹುಭಾಗ ಪಾತ್ರೆಗೆ ಸೇರದೆ ಕೋಣೆಗೂ ಹೊಗೆಗೂಡಿಗೂ ಹೋಗುತ್ತಿತ್ತು. ಬೇಸಗೆಯಲ್ಲಿ ಅಂತಹ ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಕೆಲಸದ ಹೆಂಗಸರ ಪಾಡನ್ನು ಊಹಿಸಿಕೊಳ್ಳಬಹುದು.

ಈ ಅಪವ್ಯಯವನ್ನು ಶಾಸ್ತ್ರೀಯವಾಗಿ ವಿವೇಚಿಸಿದವನು ಕೌಂಟ್ ರಮ್‌ಫರ್ಡ್. ತುಪ್ಪುಳ, ಉಣ್ಣೆ, ಹಕ್ಕಿಯ ಗರಿಗಳು ಬೆಚ್ಚಗಿರುವುದಕ್ಕೆ ಅವುಗಳ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾರಣವೆಂದು ಅವನು ಪ್ರಯೋಗಗಳಿಂದ ತೋರಿಸಿದನು. ಉಷ್ಣವನ್ನು ಕುರಿತ ಸಂಶೋಧನೆಗಳಿಗಾಗಿ 1792ರಲ್ಲಿ ಅವನಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕ ದೊರೆಯಿತು. ಚಲಿಸಲಾರದಂತೆ ಸೆರೆಯಾದ ಗಾಳಿಯೇ ಉಷ್ಣರೋಧಕ. ಮಿಕ್ಕ ವಸ್ತುವೆಲ್ಲ ಆ ಗಾಳಿಯನ್ನು ಹಿಡಿದಿಡುವ ಸೆರೆಮನೆ ಮಾತ್ರ. ಈ ಲೇಖನದಲ್ಲಿ ಮುಂದೆ ಬರುವ ಪದಾರ್ಥಗಳಿಗೆಲ್ಲ ಈ ಒಂದು ಸೂತ್ರ ಅನ್ವಯಿಸುತ್ತದೆ. ರಮ್‌ಫರ್ಡನ ಇಟ್ಟಿಗೆಯ ಒಲೆಗಳಾದರೋ ದೊಡ್ಡ ಸಂಸ್ಥೆಗಳ ಅಡಿಗೆಮನೆಗೆ ಒಗ್ಗುವಂಥವು. ಮನೆಗಳೊಳಕ್ಕೆ ಬಂದುದು ಕಬ್ಬಿಣದ ಒಲೆಯೇ.

ಹೀಗೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇರೆ ಬೇರೆಯಾಗಿದ್ದ ಕಬ್ಬಿಣವನ್ನೂ ಸೆರೆಯಾದ ಗಾಳಿಯನ್ನೂ ಒಂದುಗೂಡಿಸಿದವನು ಸ್ವೀಡನ್ನಿನ ಗುಸ್ತಾಫ್ ಡಾಲೇನ್ (1869–1937). ದೀಪಸ್ತಂಭಗಳ ಅನಿಲದೀಪಗಳಿಗೆ ಸ್ವಯಂನಿಯಂತ್ರಕಗಳನ್ನು ರಚಿಸಿದುದಕ್ಕಾಗಿ 1912ರಲ್ಲಿ ಅವನಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಅಸಿಟಿಲೀನ್ ಪ್ರಯೋಗದಲ್ಲಿ ಸಂಭವಿಸಿದ ಸ್ಫೋಟದಿಂದ ಅವನು ಕುರುಡನಾದನು. ಮನೆಯಲ್ಲಿ ಕುಳಿತಿರುವಾಗ ಹೆಂಡತಿ ಒಲೆಯ ಮುಂದೆ ಪಡುತ್ತಿದ್ದ ಶ್ರಮವನ್ನು ಅರಿತು ಅವನು ಹೊಸ ಒಲೆಯನ್ನು ಕಲ್ಪಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಜಾಹೀರಾತಿಗೆ ಬಹಳ ಚೆನ್ನಾಗಿ ಒಪ್ಪುವ ಕಥೆಗಳನ್ನು ಇತಿಹಾಸದ ವಿದ್ಯಾರ್ಥಿ ಸ್ವಲ್ಪ ದೂರದಿಂದಲೇ ನೋಡುವುದು ಒಳ್ಳೆಯದು. ಅದಕ್ಕಿಂತ ಗಟ್ಟಿಯಾದ ಸುಳಿವು ಅವನ ಹಿಂದಿನ ಕೆಲಸದಲ್ಲಿಯೇ ಇದೆ. ಅಸಿಟಿಲೀನ್ ಸಿಡಿಯದಂತೆ ಉರುಳೆಯೊಳಗೆ ಅವನು ತುಂಬಿಸುತ್ತಿದ್ದ ರಂಧ್ರಮಯ ದ್ರವ್ಯದಲ್ಲಿ ‘ಕೀಸೆಲ್‌ಗೂರ್’ ಎಂಬ ಮಣ್ಣೂ ಒಂದು ಘಟಕವಾಗಿತ್ತು. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ನೈಟ್ರೋಗ್ಲಿಸರಿನನ್ನು ಹೀರಿಸಿ ಡೈನಮೈಟನ್ನು ಮಾಡಿದುದೂ ಈ ಮಣ್ಣಿನಿಂದಲೇ. ಸ್ಫೋಟಕಕ್ಕೂ ದೀಪಕ್ಕೂ ಒದಗಿದ ಮಣ್ಣು 1922ರಲ್ಲಿ ಡಾಲೇನನ ‘ಆಗಾ’ ಒಲೆಯ ಗೋಡೆಯನ್ನು ಸೇರಿತು.

ಕೀಸೆಲ್‌ಗೂರ್ ಎಂಬುದು ಡಯಾಟಮ್ ಎಂಬ ಸೂಕ್ಷ್ಮ ಜಲಸಸ್ಯಗಳ ಚಿಪ್ಪುಗಳು ಕೆರೆ ಕಡಲುಗಳ ತಳದಲ್ಲಿ ಶೇಖರವಾಗಿ ಆದ ಮಣ್ಣು. ಉತ್ತರ ಜರ್ಮನಿಯ ಲ್ಯೂನೆಬುರ್ಗ್ ಬಯಲು ಇದರ ಪ್ರಸಿದ್ಧ ಆಕರಗಳಲ್ಲಿ ಒಂದಾಗಿತ್ತು. ಚಿಪ್ಪುಗಳು ಸಿಲಿಕದವು, ಬೆಂಕಿಗೆ ಉರಿಯವು, ಕೊಳೆಯವು. ಪ್ರತಿಯೊಂದರಲ್ಲಿಯೂ ಅಸಂಖ್ಯಾತ ರಂಧ್ರಗಳಿರುವುದರಿಂದ ಪುಡಿಯ ಗಾತ್ರದಲ್ಲಿ ಬಹುಪಾಲು ಗಾಳಿಯೇ. ಬೀಡುಕಬ್ಬಿಣದ ಉಷ್ಣವಾಹಕತೆ ಇದಕ್ಕಿಂತ ನೂರಾರು ಪಟ್ಟು ಹೆಚ್ಚು.

ನಮ್ಮ ಹಳ್ಳಿಗಳಲ್ಲಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಗ್ಗೆ ಕೆದಕಿ ಬೆಂಕಿ ಮಾಡುತ್ತಿದ್ದ ಪದ್ಧತಿಯನ್ನು ವಾಚಕರು ಬಲ್ಲರು. ಬೂದಿ ಅಲ್ಲಿ ಎರಡು ಕೆಲಸ ಮಾಡುತ್ತದೆ: ಗಾಳಿಯನ್ನು ತಡೆದು ಉರಿಯನ್ನು ನಿಧಾನಗೊಳಿಸುತ್ತದೆ, ಶಾಖವನ್ನು ಹೊರಬಿಡದೆ ಕಾಯುತ್ತದೆ. ಡಾಲೇನನ ಒಲೆಯಲ್ಲಿ ಈ ಎರಡು ಕೆಲಸಗಳನ್ನು ಎರಡು ಅಂಗಗಳಿಗೆ ಹಂಚಲಾಗಿತ್ತು. ಉಷ್ಣನಿಯಂತ್ರಕ ಗಾಳಿಯನ್ನು ಅಳೆದು ಬಿಡುತ್ತಿತ್ತು; ಕೀಸೆಲ್‌ಗೂರ್ ಶಾಖವನ್ನು ಕಾಯುತ್ತಿತ್ತು. ಸಣ್ಣ ಬೆಂಕಿ ಹಗಲಿರುಳು ಉರಿದು ಭಾರವಾದ ಕಬ್ಬಿಣದ ತಿರುಳಿನಲ್ಲಿ ಉಷ್ಣವನ್ನು ಶೇಖರಿಸುತ್ತಿತ್ತು. ಅಲ್ಲಿಂದ ಅದು ಗೂಡುಗಳಿಗೂ ತಟ್ಟೆಗಳಿಗೂ ಹರಿಯುತ್ತಿತ್ತು. ತಟ್ಟೆಗಳ ಮೇಲಣ ದಪ್ಪ ಮುಚ್ಚಳಗಳೂ ಉಷ್ಣರೋಧಕದಿಂದ ತುಂಬಿದವೇ. ಪುಡಿಯನ್ನು ತೆಗೆದುಬಿಟ್ಟರೆ ಆಗಾ ಎಂಬುದು ಮರಳಿ ಬಾಡ್ಲಿಯ ಕಬ್ಬಿಣದ ಪೆಟ್ಟಿಗೆಯೇ ಆಗುತ್ತದೆ. ಈ ಒಲೆ 1929ರಲ್ಲಿ ಬ್ರಿಟನ್ನಿಗೆ ಬಂದು ಅಲ್ಲಿಯೇ ನೆಲೆನಿಂತಿತು. 1709ರಲ್ಲಿ ಏಬ್ರಹಾಂ ಡಾರ್ಬಿ ಕೋಕಿನಿಂದ ಕಬ್ಬಿಣ ಕರಗಿಸಿದ ಕೋಲ್‌ಬ್ರೂಕ್‌ಡೇಲಿನಲ್ಲಿಯೇ ಅದರ ಭಾಗಗಳನ್ನು 2017ರವರೆಗೂ ಎರಕ ಹೊಯ್ಯುತ್ತಿದ್ದರು.

ಪುಡಿಗೆ ಒಂದು ದೋಷವುಂಟು. ವರ್ಷಗಳು ಕಳೆದಂತೆ ಅದು ಕುಸಿದು ತಳಕ್ಕೆ ಇಳಿಯುತ್ತದೆ. ಆಗ ಮೇಲ್ಭಾಗದಲ್ಲಿ ಟೊಳ್ಳುಂಟಾಗಿ, ಹೊರಕವಚ ಅಲ್ಲಿ ಸುಡಲಾರಂಭಿಸುತ್ತದೆ. ಇಂಧನವೂ ಹೆಚ್ಚು ಬೇಕಾಗುತ್ತದೆ. ರಿಪೇರಿಯವರು ಮೇಲಿನಿಂದ ಮತ್ತೆ ತುಂಬುತ್ತಿದ್ದರು, ಹಲವು ವೇಳೆ ಬೇರೆ ವಸ್ತುವನ್ನು. ಹೀಗಾಗಿ ಹಳೆಯ ಒಲೆಯ ಗೋಡೆ ಉತ್ಖನನದ ನೆಲದಂತೆ ಪದರಪದರವಾಗಿರುವುದುಂಟು. ತರುವಾಯ ಬಳಕೆಗೆ ಬಂದ ವರ್ಮಿಕ್ಯುಲೈಟ್ ಅಭ್ರಕದ ದಾಯಾದಿ. ಅದನ್ನು ಥಟ್ಟನೆ ಕಾಯಿಸಿದರೆ ಪದರಗಳ ನಡುವಿನ ನೀರು ಆವಿಯಾಗಿ ಹರಳು ಹಾರ್ಮೋನಿಯಮ್ಮಿನ ತಿದಿಯಂತೆ ಬಿಚ್ಚಿಕೊಳ್ಳುತ್ತದೆ. ಕಲ್ಲನ್ನು ಅಥವಾ ಲೋಹಕಿಟ್ಟವನ್ನು ಕರಗಿಸಿ ಎಳೆದ ಖನಿಜದ ಉಣ್ಣೆ ಇನ್ನೊಂದು. ಹಲಗೆಯಾಗಿ ಒತ್ತಿದ ಉಣ್ಣೆ ಪುಡಿಯಂತೆ ಸುಲಭವಾಗಿ ಕುಸಿಯದು. ಬಾಗಿಲ ಅಂಚುಗಳಿಗೂ ಸಂದುಗಳಿಗೂ ಕಲ್ನಾರಿನ ಹಗ್ಗವನ್ನೂ ಹಲಗೆಯನ್ನೂ ಹಾಕುತ್ತಿದ್ದರು.

‘ಬೂದಿ ಮುಚ್ಚಿದ ಕೆಂಡ’ ಎಂಬ ನಮ್ಮ ನುಡಿಗಟ್ಟಿನ ಇನ್ನೊಂದು ಅರ್ಥವೂ ಇಲ್ಲಿ ಸಲ್ಲುತ್ತದೆ. ಕಲ್ನಾರಿನ ಎಳೆಗಳು ಪುಪ್ಪುಸಕ್ಕೆ ಮಾರಕ. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರುಗಳನ್ನು 1985ರಲ್ಲಿಯೂ ಬಿಳಿಯದನ್ನು 1999ರಲ್ಲಿಯೂ ನಿಷೇಧಿಸಿದರು. ಅಮೆರಿಕದ ಮೊಂಟಾನದಲ್ಲಿರುವ ಲಿಬ್ಬಿಯ ವರ್ಮಿಕ್ಯುಲೈಟ್ ಗಣಿ 1990ರಲ್ಲಿ ಮುಚ್ಚಿತು. ಅದರ ಖನಿಜದಲ್ಲಿಯೇ ಕಲ್ನಾರು ಬೆರೆತಿತ್ತು. ಕೀಸೆಲ್‌ಗೂರಿನ ನೈಸರ್ಗಿಕ ಸಿಲಿಕ ಬಹುಮಟ್ಟಿಗೆ ಹರಳುರೂಪದ್ದಲ್ಲ. ತೀವ್ರ ಉಷ್ಣದಲ್ಲಿ ಸುಟ್ಟ ಬಗೆಯಲ್ಲಿಯಾದರೆ ಕ್ರಿಸ್ಟೊಬಲೈಟ್ ಎಂಬ ಹರಳು ಉಂಟಾಗುತ್ತದೆ. ಅದರ ಧೂಳನ್ನು ಬಹುಕಾಲ ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಕಸುಬಿನಲ್ಲಿ ಉಸಿರಾಡುವ ಹರಳು ಸಿಲಿಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1997ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ಆದುದರಿಂದ ವಸ್ತುಸಂಗ್ರಹಾಲಯಕ್ಕೆ ಬಂದ ಹಳೆಯ ಒಲೆಯನ್ನು ಬಿಚ್ಚುವವರು ಒಳಗಿನ ತುಂಬನ್ನು ಕಸವೆಂದು ಗುಡಿಸಿ ಚೆಲ್ಲಿದರೆ ಎರಡು ನಷ್ಟಗಳು: ಒಲೆಯ ಆಯುಷ್ಯದ ದಾಖಲೆ ಅಳಿಯುತ್ತದೆ, ಗುಡಿಸಿದವರ ಆಯುಷ್ಯಕ್ಕೂ ಕುಂದು ಬರಬಹುದು. ಮಾಸಲು ಬಿಳಿಯ ನುಣುಪು ಪುಡಿ ಕಂಡರೆ ಕೀಸೆಲ್‌ಗೂರ್ ಇರಬಹುದು; ಹೊಂಬಣ್ಣದ ಹೊಳೆಯುವ ಹರಳು ವರ್ಮಿಕ್ಯುಲೈಟ್ ಇರಬಹುದು. ಕಲ್ನಾರನ್ನು ಮಾತ್ರ ಬರಿಗಣ್ಣಿನಿಂದ ನಿರ್ಣಯಿಸಲಾಗದು, ಸೂಕ್ಷ್ಮದರ್ಶಕ ಬೇಕು. ಅದರ ಬಿಚ್ಚುವಿಕೆಯನ್ನು ತರಬೇತಾದವರಿಗೆ ಬಿಡತಕ್ಕದ್ದು. ಒಣ ಪೊರಕೆಯನ್ನೂ ಊದುಗೊಳವೆಯನ್ನೂ ಬಳಸಕೂಡದು. ಮಾದರಿಯನ್ನು ತೇವಗೊಳಿಸಿಯೇ ತೆಗೆದು, ಭದ್ರವಾಗಿ ಮುಚ್ಚಿ, ಗೋಡೆಯ ಎಷ್ಟು ಎತ್ತರದಿಂದ ತೆಗೆದದ್ದೆಂಬುದನ್ನು ಅದರ ಮೇಲೆ ಬರೆಯಬೇಕು. ಏಕೆಂದರೆ ಮೇಲಿನ ಪದರ ಸಾಮಾನ್ಯವಾಗಿ ಕೊನೆಯ ರಿಪೇರಿಯದು.