ಸುರಾಶಬ್ದಾರ್ಥವಿಚಾರವು

ಕಾವ್ಯಪಾಠದಲ್ಲಿ ಸುರಾಶಬ್ದವು ಬಂದೆಡೆಯಲ್ಲೆಲ್ಲ ‘ಕಳ್ಳು’ ಎಂದೋ ‘ಸಾರಾಯಿ’ ಎಂದೋ ಅರ್ಥ ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಈ ರೂಢಿಗೆ ಮೂಲವು ಅಮರಕೋಶವೆಂದು ತೋರುತ್ತದೆ. ಸುರಾ, ಹಾಲಾ, ಪ್ರಸನ್ನಾ, ಕಾದಂಬರೀ, ಮದಿರಾ, ಮದ್ಯ ಮುಂತಾದವನ್ನು ಅಮರಸಿಂಹನು ಒಂದೇ ಮೊತ್ತದಲ್ಲಿ ಎಣಿಸಿಬಿಟ್ಟಿದ್ದಾನೆ. ಅದನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ಇವೆಲ್ಲವೂ ಒಂದೇ ವಸ್ತುವಿನ ಹೆಸರುಗಳೆಂಬ ಭಾವನೆ ನೆಲೆಗೊಳ್ಳುವುದು ಸಹಜವೇ. ಆದರೆ ಕೋಶಕಾರನು ಕೂಡಿಸಿದುದನ್ನು ಧರ್ಮಶಾಸ್ತ್ರಕಾರರು ಬಿಡಿಸಿದ್ದಾರೆ. ಅವರು ಬಿಡಿಸಿದ ಗೆರೆಯೇ ವಸ್ತುಸ್ವಭಾವಕ್ಕೂ ಒಪ್ಪುವ ಗೆರೆಯೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಮೊದಲು ಕಳ್ಳೆಂದರೇನೆಂಬುದನ್ನು ನಿಷ್ಕರ್ಷಿಸಬೇಕು. ಅದಕ್ಕೆ ಪುಸ್ತಕಗಳಿಗಿಂತ ನೇತ್ರಾವತಿಯ ದಡದ ಪಾಣೆಮಂಗಳೂರಿನ ಸೀಮೆಯೇ ಒಳ್ಳೆಯ ಪ್ರಮಾಣ. ಅಲ್ಲಿಯ ತುಳುವರು ಕಳ್ಳನ್ನು ‘ಕಲಿ’ ಎನ್ನುತ್ತಾರೆ. ಅದನ್ನು ಇಳಿಸುವ ಕಸುಬಿಗೆ ‘ಮೂರ್ತೆ’ ಎಂದು ಹೆಸರು. ತೆಂಗಿನ ಅಥವಾ ತಾಳೆಯ ಬಿಚ್ಚದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಕೆಲವು ದಿನ ಮೆಲ್ಲನೆ ಬಡಿದು, ತುದಿಯನ್ನು ತೆಳ್ಳಗೆ ಕೊಯ್ದು, ಕೆಳಗೆ ಮಡಕೆ ಕಟ್ಟುತ್ತಾರೆ. ತೊಟ್ಟಿಕ್ಕುವ ರಸವು ಸಿಹಿಯಾದುದು. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿಯೇ ಉಳಿಯುತ್ತದೆ, ಕಾಸಿದರೆ ಬೆಲ್ಲವಾಗುತ್ತದೆ. ಬಳಿಯದಿದ್ದರೆ ಕೆಲವೇ ತಾಸುಗಳಲ್ಲಿ ನೊರೆಯೆದ್ದು ಕಳ್ಳಾಗುತ್ತದೆ, ಇನ್ನೂ ಬಿಟ್ಟರೆ ಹುಳಿತು ವಿನಿಗರವಾಗುತ್ತದೆ. ಸುಣ್ಣದ ಕ್ಷಾರಗುಣದಿಂದ ರಸದ ಆಮ್ಲತೆ ತಗ್ಗಿ, ಹುದುಗಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರದೆ ಹೋಗುವುದೇ ಇದಕ್ಕೆ ಕಾರಣ. ಇದರಲ್ಲಿ ಹಿಟ್ಟಿಲ್ಲ, ಬೆಂಕಿಯಿಲ್ಲ, ಹೊರಗಿನ ನೀರೂ ಇಲ್ಲ. (ನೀರು ಬೆರೆತಿದ್ದರೆ ಅದು ಮಾರುವವನ ಕೈಗುಣ, ಮರದ್ದಲ್ಲ.) ಮಂಗಳೂರಿನ ಕ್ರೈಸ್ತರು ಸನ್ನದ ಹಿಟ್ಟನ್ನು ಉಬ್ಬಿಸಲು ಇದೇ ಕಳ್ಳನ್ನು ಬಳಸುತ್ತ ಬಂದಿದ್ದಾರೆ, ಅಲ್ಲಿ ಕಳ್ಳು ಪಾನವಲ್ಲ, ಹುದುಗು.

ಇನ್ನು ಸುರೆ. ಮನುವು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಯನ್ನು ಹೇಳಿದರೂ, ಸುರೆಯು ಅನ್ನದ ಮಲವೆಂದು ಅದಕ್ಕೆ ಮುಂಚೆಯೇ ಹೇಳಿರುತ್ತಾನೆ. ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಇದನ್ನೇ ಹಿಡಿದು, ಸುರಾಶಬ್ದದ ಮುಖ್ಯಾರ್ಥವು ಪೈಷ್ಟಿ, ಎಂದರೆ ಧಾನ್ಯದ ಹಿಟ್ಟಿನಿಂದಾದುದು, ಮಿಕ್ಕೆರಡು ಗೌಣಾರ್ಥವೆಂದು ನಿರ್ಣಯಿಸಿದನು. ಅವನು ಉದಾಹರಿಸುವ ಪುಲಸ್ತ್ಯವಚನದಲ್ಲಿ ಹನ್ನೊಂದು ಮದ್ಯಗಳ ಎಣಿಕೆಯಿದೆ. ಅವುಗಳಲ್ಲಿ ಹಲಸಿನದು, ದ್ರಾಕ್ಷಿಯದು, ಖರ್ಜೂರದ್ದು ಇವುಗಳೊಡನೆ ತಾಳೆಯದೂ ತೆಂಗಿನದೂ ಸೇರಿವೆ. ಸುರೆಯನ್ನು ಬೇರೆಯಾಗಿ ಹನ್ನೆರಡನೆಯದೆಂದು ಕೊನೆಗೆ ಹೇಳಿದೆ. (ಬೈನೆಮರದ ಹೆಸರು ಆ ಪಟ್ಟಿಯಲ್ಲಿಲ್ಲ.) ಆದುದರಿಂದ ಪಾಣೆಮಂಗಳೂರಿನ ಕಳ್ಳು ಶಾಸ್ತ್ರದೃಷ್ಟಿಯಿಂದ ಮದ್ಯವೇ ಹೊರತು ಸುರೆಯಲ್ಲ. ಇದು ಬರಿಯ ಶಬ್ದಜಗಳವೆಂದು ತಿಳಿಯಬಾರದು. ಸುರಾಪಾನಿಗೆ ವಿಧಿಸಿದ ಪ್ರಾಯಶ್ಚಿತ್ತವು ಕುದಿಯುವ ಸುರೆಯನ್ನು ಕುಡಿದು ಪ್ರಾಣ ಬಿಡುವುದು. ಇತರ ಮದ್ಯಪಾನಕ್ಕಾದರೋ ಲಘುವಾದ ವ್ರತಗಳು. ಒಂದು ಶಬ್ದದ ಮುಖ್ಯಾರ್ಥದ ಮೇಲೆ ಮನುಷ್ಯನ ಪ್ರಾಣವು ತೂಗುತ್ತಿತ್ತು.

ಈ ಭೇದಕ್ಕೆ ವಸ್ತುವಿನಲ್ಲಿಯೇ ಆಧಾರವುಂಟೇ? ಉಂಟು. ಮರದ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ. ಯೀಸ್ಟ್ ಬಿದ್ದೊಡನೆ ಅದು ಮದ್ಯವಾಗತೊಡಗುತ್ತದೆ. ಧಾನ್ಯದಲ್ಲಿರುವುದು ಪಿಷ್ಟ, ಯೀಸ್ಟ್ ಅದನ್ನು ನೇರವಾಗಿ ಉಣ್ಣಲಾರದು. ಪಿಷ್ಟವನ್ನು ಮೊದಲು ಸಕ್ಕರೆಯಾಗಿ ಒಡೆಯಬೇಕು, ಅನಂತರವೇ ಹುದುಗು. ಈ ಮೊದಲ ಕಾರ್ಯಕ್ಕೆ ಲೋಕದಲ್ಲಿ ಎರಡು ಮುಖ್ಯ ಮಾರ್ಗಗಳಿವೆ: ಧಾನ್ಯವನ್ನು ಮೊಳೆಯಿಸುವುದು, ಇಲ್ಲವೆ ಬೂಷ್ಟು ಹಿಡಿದ ಹುದುಗಿನ ಉಂಡೆಯನ್ನು ಸೇರಿಸುವುದು. ಯುರೋಪಿನವರ ಬಿಯರು ಮೊದಲನೆಯ ಮಾರ್ಗದ್ದು. ಝಾರ್ಖಂಡದ ಆದಿವಾಸಿಗಳು ‘ರಾನು’ ಎಂಬ ಉಂಡೆಯಿಂದ ಮಾಡುವ ಅನ್ನದ ಹಂಡಿಯಾ ಎರಡನೆಯದರದು. ಎರಡೂ ಪೈಷ್ಟಿಯೇ. ಬಿಯರಿಗೆ ಸಂಸ್ಕೃತದಲ್ಲಿ ಹೊಸ ಹೆಸರನ್ನು ಹುಡುಕುವವರು ‘ಸುರಾ’ ಎಂದರೆ ಸಾಕು.

ನಮ್ಮ ಗ್ರಂಥಗಳಲ್ಲಿ ಎರಡು ಮಾರ್ಗಗಳೂ ಕಾಣುತ್ತವೆ. ಸೌತ್ರಾಮಣಿಯಾಗದ ಸುರೆಗೆ ಬೇಕಾದ ಸಾಮಗ್ರಿಯಲ್ಲಿ ಮೊಳೆಯಿಸಿದ ಬತ್ತವಾದ ಶಷ್ಪ, ಮೊಳೆಯಿಸಿದ ಯವವಾದ ತೋಕ್ಮ, ಅರಳು, ನಗ್ನಹು ಇವು ಹೇಳಲ್ಪಟ್ಟಿವೆ. ಬೆರಸಿದುದನ್ನು ಮೂರು ರಾತ್ರಿ ಇರಿಸಬೇಕು. ತೋಕ್ಮವು ಇಂದಿನವರ ಮಾಲ್ಟೇ ಸರಿ. ನಗ್ನಹುವನ್ನು ಅಮರನು ಕಿಣ್ವಕ್ಕೆ ಪರ್ಯಾಯವಾಗಿ ಕೊಡುತ್ತಾನೆ.

ಕಿಣ್ವದ ವಿವರವು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿದೆ. ಒಂದು ದ್ರೋಣ ಉದ್ದಿನ ಹಿಟ್ಟು, ಹಸಿಯದಾಗಲಿ ಬೆಂದುದಾಗಲಿ. ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿ. ಮೋರಟಾ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಅಕ್ಕಿಗಳ ಈ ಜೋಡಿಯನ್ನು ಕಂಡು ದೋಸೆಯ ಹಿಟ್ಟನ್ನು ನೆನೆಯದ ಕನ್ನಡಿಗನಿರಲಾರನು. ಅಲ್ಲಿಯೇ ಮೇದಕವೆಂಬ ಪಾನದ ಯೋಗವಿದೆ: ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ದ್ರೋಣಕ್ಕೆ ನಾಲ್ಕು ಆಢಕ, ಆಢಕಕ್ಕೆ ನಾಲ್ಕು ಪ್ರಸ್ಥವಾದುದರಿಂದ 16 ಪಾಲು ನೀರಿಗೆ 2 ಪಾಲು ಅಕ್ಕಿ, 3 ಪಾಲು ಕಿಣ್ವ ಎಂದಾಯಿತು. ಅಕ್ಕಿಗಿಂತ ಹುದುಗು ಹೆಚ್ಚಾದುದನ್ನು ಲಿಪಿಕಾರನ ಪ್ರಮಾದವೆಂದು ಶಂಕಿಸಬೇಕಾಗಿಲ್ಲ. ಕಿಣ್ವದ ದೇಹವೇ ಧಾನ್ಯವಾದುದರಿಂದ ಪಾನದ ಸತ್ತ್ವದಲ್ಲಿ ಬಹುಪಾಲು ಅದರಿಂದಲೇ ಬರುತ್ತದೆ. ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ‘ಎಂಜೈಮ್’ ಎಂಬುದಕ್ಕೆ ಕಿಣ್ವವೆಂಬ ಹೆಸರು ನಿಂತಿದೆ. ಆ ಗ್ರೀಕ್ ಮೂಲದ ಶಬ್ದಕ್ಕೂ ‘ಹುದುಗಿನೊಳಗಿನದು’ ಎಂದೇ ಅರ್ಥ. ಹೆಸರಿಟ್ಟವರು ಯಾರೇ ಆಗಲಿ, ಇದಕ್ಕಿಂತ ಉಚಿತವಾದುದನ್ನು ಆರಿಸಲಾಗುತ್ತಿರಲಿಲ್ಲ.

ಈ ಯೋಗದಲ್ಲಿ ನೀರಿಗೆ ಅಳತೆಯುಂಟು, ಗುಣದ ಮಾತಿಲ್ಲ. ಮೊಳೆತ ಧಾನ್ಯದ ಮಾರ್ಗದಲ್ಲಿ ಮಾತ್ರ ನೀರಿನ ಗುಣವು ಬಹಳ ಕೆಲಸ ಮಾಡುತ್ತದೆ. ನೀರಿನ ಸುಣ್ಣದಂಶವು ಹಿತಮಿತವಾಗಿದ್ದರೆ ಕಿಣ್ವಗಳಿಗೆ ನೆರವು. ಬೈಕಾರ್ಬೊನೇಟು ಹೆಚ್ಚಾದರೆ ಆಮ್ಲತೆ ಕುಗ್ಗಿ ರುಚಿ ಒಗರಾಗುತ್ತದೆ. ಬೊಹಿಮಿಯದ ಪಿಲ್ಸೆನ್ ಪಟ್ಟಣದ ಮೃದುಜಲದಲ್ಲಿ 1842ರಲ್ಲಿ ಹೊಂಬಣ್ಣದ ತಿಳಿಬಿಯರು ಹುಟ್ಟಿತು. ಇಂಗ್ಲೆಂಡಿನ ಬರ್ಟನ್ ಊರು ಜಿಪ್ಸಮ್ ತುಂಬಿದ ಗಡಸುನೀರಿನಿಂದಲೇ ಹೆಸರಾಯಿತು. ಪಾಣೆಮಂಗಳೂರಿನ ಸುತ್ತಣ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದುವಾದುದು, ಪಿಲ್ಸೆನ್ನಿನ ಕಡೆಗೆ ಸೇರಬೇಕಾದುದು. ಆದರೆ ಕಳ್ಳಿನ ನಾಡಿಗೆ ಈ ಗುಣದಿಂದ ಏನೂ ಪ್ರಯೋಜನವಾಗಲಿಲ್ಲ.

ಪಾತ್ರೆಯ ವಿಚಾರದಲ್ಲಿ ವೈದ್ಯರ ಅರಿಷ್ಟವಿಧಿಯು ಹೆಚ್ಚು ಸ್ಪಷ್ಟವಾಗಿದೆ. ತುಪ್ಪ ಸವರಿ ಧೂಪ ಹಾಕಿದ ಮಣ್ಣಿನ ಮಡಕೆಯಲ್ಲಿ ಕಷಾಯ, ಬೆಲ್ಲ, ಧಾತಕೀಪುಷ್ಪ ಇವನ್ನು ತುಂಬಿ, ಬಾಯಿ ಮುಚ್ಚಿ, ಧಾನ್ಯರಾಶಿಯಲ್ಲಿ ಹೂಳುತ್ತಾರೆ. ತುಪ್ಪವು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ, ಧೂಪವು ಬೇಡದ ಜೀವಿಗಳನ್ನು ಅಡಗಿಸುತ್ತದೆ, ಧಾತಕಿಯ ಹೂವಿನೊಡನೆ ಯೀಸ್ಟ್ ಬರುತ್ತದೆ, ಧಾನ್ಯವು ಉಷ್ಣವನ್ನು ಸಮವಾಗಿರಿಸುತ್ತದೆ. ಹುದುಗು ನಡೆಯುತ್ತಿರುವಾಗ ಮಡಕೆಯ ಬಾಯಲ್ಲಿ ಹಿಡಿದ ದೀಪವು ಇಂಗಾಲಾಮ್ಲವಾಯುವಿನಿಂದ ಆರುತ್ತದೆ, ಮುಗಿದ ಮೇಲೆ ಉರಿಯುತ್ತದೆ. ಇಂದು ಮನೆಯಲ್ಲಿ ಬಿಯರು ಮಾಡುವ ವಿದೇಶೀಯರು ಗಾಜಿನ ಅಥವಾ ಉಕ್ಕಿನ ಪಾತ್ರೆಗೆ ನೀರು ತುಂಬಿದ ಕೊಳವೆಯನ್ನು ಸಿಕ್ಕಿಸುತ್ತಾರೆ. ಅದರಲ್ಲಿ ಏಳುವ ಗುಳ್ಳೆಯು ದೀಪದ ಕೆಲಸವನ್ನು ಮಾಡುತ್ತದೆ.

ಮನೆಯಲ್ಲಿ ಮಾಡುವ ಮಾತು ಕೌಟಿಲ್ಯನಲ್ಲಿಯೂ ಬಂದಿದೆ. ಸುರೆಯ ಕ್ರಯವಿಕ್ರಯಗಳನ್ನು ರಾಜನ ಕೈಯಲ್ಲಿಟ್ಟರೂ, ಗೃಹಸ್ಥರು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದೂ, ಉತ್ಸವಯಾತ್ರೆಗಳಲ್ಲಿ ನಾಲ್ಕು ದಿನ ಅನುಮತಿ ಕೊಡಬೇಕೆಂದೂ ಅವನು ವಿಧಿಸುತ್ತಾನೆ. 1965ರ ಅಬಕಾರಿ ಕಾಯಿದೆಯಂತೆ ಇಂದು ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರು ತಯಾರಿಸುವುದು ಅಪರಾಧ.

ಸಾರಾಯಿಯಾದರೋ ಭಟ್ಟಿಯಲ್ಲಿ ಆವಿಯಾಗಿಸಿ ಇಳಿಸಿದುದು. ಮೇದಕದ ಯೋಗದಲ್ಲಿ ಆ ಕ್ರಿಯೆಯ ಸುಳಿವೇ ಇಲ್ಲ. ಪಂಪಭಾರತದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯನ್ನು ಪಾಠ ಹೇಳುವವರು ಅಲ್ಲಿ ಬರುವ ಒಂದೊಂದು ಹೆಸರಿಗೂ, ಇದು ಹಿಟ್ಟಿನದೋ ರಸದ್ದೋ ಬೆಲ್ಲದ್ದೋ ಎಂದು ಮೊದಲು ಕೇಳಿಕೊಂಡು ಅನಂತರ ಅರ್ಥ ಬರೆಯಿಸತಕ್ಕದ್ದು.