ಮೋಲ್ಡ್‌ಗೆ ಎಷ್ಟು, ಗಾರೆಗೆ ಎಷ್ಟು?

ಗುದ್ದಲಿ ಪೂಜೆಯ ದಿನ ತಾಂಬೂಲದ ತಟ್ಟೆಯಲ್ಲಿಟ್ಟು ಅಡ್ವಾನ್ಸ್ ಕೊಡುವುದು ನಮ್ಮಲ್ಲಿ ಹಲವರ ರೂಢಿ. ಆ ಹೊತ್ತಿನಲ್ಲಿ ಲೆಕ್ಕ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ. ಚದರಕ್ಕೆ ಎಷ್ಟು ಎಂದು ವಾರಗಟ್ಟಲೆ ಚೌಕಾಸಿ ಮಾಡಿದವರೂ ಆ ದುಡ್ಡನ್ನು ಯಾವ ಹಂತದಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ಗುತ್ತಿಗೆದಾರರು ಬರೆದುಕೊಟ್ಟ ಹಾಗೇ ಒಪ್ಪಿ ಸಹಿ ಹಾಕಿಬಿಡುತ್ತಾರೆ. ಚದರಕ್ಕೆ ಐದು ಸಾವಿರ ಇಳಿಸುವುದಕ್ಕಿಂತ ಈ ಕಂತಿನ ಪಟ್ಟಿಯನ್ನು ಸರಿಮಾಡಿಸಿಕೊಳ್ಳುವುದೇ ಮುಖ್ಯ ಎಂದು ನಾನು ನಂಬಿದ್ದೇನೆ.

ಒಂದು ಲೆಕ್ಕ ಹಾಕಿ ನೋಡೋಣ. 30-40ರ ಸೈಟು, ಕೆಳಗೆ ಮೇಲೆ ಸೇರಿ 20 ಚದರ, ಚದರಕ್ಕೆ 2.2 ಲಕ್ಷದಂತೆ 44 ಲಕ್ಷ ರೂಪಾಯಿ. ಸಾಮಾನ್ಯವಾಗಿ ಕೈಗೆ ಬರುವ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಕರಾರಿನ ದಿನ ಶೇ 10, ಪ್ಲಿಂತ್ ಮುಗಿದಾಗ 20, ಮೊದಲ ಮೋಲ್ಡ್‌ಗೆ 20, ಎರಡನೆಯದಕ್ಕೆ 20. ಉಳಿದ 30ರಲ್ಲಿ ಗಾರೆ, ಕರೆಂಟು, ಪೈಪು, ಬಾಗಿಲು-ಕಿಟಕಿ, ಟೈಲ್ಸ್, ಬಣ್ಣ ಎಲ್ಲವೂ ಮುಗಿಯಬೇಕು. ಎರಡನೇ ಮೋಲ್ಡ್ ಹಾಕಿದ ದಿನ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಮನೆ ಎದ್ದು ನಿಂತಂತೆಯೇ ಕಾಣುತ್ತದೆ. ಖರ್ಚಿನ ಲೆಕ್ಕದಲ್ಲಿ ಅದು ಸುಮಾರು ಅರ್ಧ ಮಾತ್ರ. ಅಂದರೆ 22 ಲಕ್ಷದ ಕೆಲಸ ನಿಂತಿರುವಾಗ ನೀವು ಕೊಟ್ಟಿರುವುದು 30.8 ಲಕ್ಷ. ನಡುವಿನ 8.8 ಲಕ್ಷ ನಿಮ್ಮ ಸೈಟಿನಲ್ಲಿ ಇಲ್ಲ.

ಅದು ಎಲ್ಲಿದೆ? ಬಹಳ ಸಲ ಇನ್ನೊಬ್ಬರ ಸೈಟಿನ ಕಬ್ಬಿಣವಾಗಿ, ಮತ್ತೊಬ್ಬರ ಮನೆಯ ಟೈಲ್ಸ್ ಆಗಿ. ನಿಮ್ಮ ಗಾರೆ ಕೆಲಸ ಶುರುವಾಗಬೇಕಾದರೆ ಮೂರನೆಯವರ ಅಡ್ವಾನ್ಸ್ ಬರಬೇಕು. ಆ ಮೂರನೆಯವರು ತಡಮಾಡಿದರೆ ನಿಮ್ಮ ಮನೆ ಇಟ್ಟಿಗೆ ಕಾಣುವ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ ಮೋಲ್ಡ್ ಆದ ಮೇಲೆ ನಿಂತುಹೋದ ಮನೆಗಳು ಕಾಣಸಿಗುತ್ತವೆ. ಅವುಗಳಲ್ಲಿ ಎಷ್ಟೋ ಮನೆಗಳ ಹಿಂದೆ ಯಾರ ದುರುದ್ದೇಶವೂ ಇರುವುದಿಲ್ಲ, ಇಂಥ ಪಟ್ಟಿ ಇರುತ್ತದೆ.

ಹಾಗೆಂದು ಎಲ್ಲ ದುಡ್ಡನ್ನೂ ಕೊನೆಗೇ ಕೊಡುತ್ತೇನೆ ಎಂದು ಹಟ ಹಿಡಿಯುವುದೂ ಅನ್ಯಾಯ. ವಾರ ಮುಗಿದರೆ ಗುತ್ತಿಗೆದಾರರಿಗೆ ಬಟವಾಡೆ ಇರುತ್ತದೆ. ಗಾರೆಯವರು, ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಮಣ್ಣು ಹೊರುವ ಹೆಂಗಸರು, ಎಲ್ಲರೂ ಆ ಸಂಜೆಯ ಕೂಲಿಯನ್ನೇ ನಂಬಿದವರು. ಸಣ್ಣ ಗುತ್ತಿಗೆದಾರರಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಅವರನ್ನು ಬಡ್ಡಿ ಸಾಲಕ್ಕೆ ತಳ್ಳಿದರೆ ಆ ಬಡ್ಡಿ ಸಿಮೆಂಟಿನ ಮೂಟೆಗಳಲ್ಲಿ ಕಡಿತವಾಗಿ ನಮ್ಮ ಗೋಡೆಗೇ ಬರುತ್ತದೆ. ದುಡ್ಡು ಕೆಲಸದ ಹಿಂದೆ ಇರಬೇಕು ನಿಜ, ಆದರೆ ಒಂದೇ ಹೆಜ್ಜೆ ಹಿಂದೆ.

ನನ್ನ ತಂಗಿ ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಈ ಮಾತುಕತೆಯನ್ನು ಹತ್ತಿರದಿಂದ ನೋಡಿದೆ. ಅಡ್ವಾನ್ಸ್ ಶೇ 5 ಎಂದು ಅವಳು ಹೇಳಿದ ಕೂಡಲೇ ಗುತ್ತಿಗೆದಾರರು ಪೆನ್ನು ಕೆಳಗಿಟ್ಟರು.

“ಐದೇ ಪರ್ಸೆಂಟ್ ಅಂದ್ರೆ ಕಬ್ಬಿಣ ಹೇಗೆ ತರ್ಲಿ ಮೇಡಂ? ಅಂಗಡಿಯವರು ಕಡ ಕೊಡಲ್ಲ.”

“ಕಬ್ಬಿಣದ ಅಂಗಡಿಗೆ ನಾನೇ ಬ್ಯಾಂಕಿಂದ ಹಾಕ್ತೀನಿ ಅಣ್ಣ. ಯಾವ ಅಂಗಡಿ ಅಂತ ನೀವೇ ಹೇಳಿ. ಪ್ಲಿಂತ್ ಕಂತಿನಲ್ಲಿ ಅಷ್ಟನ್ನ ಮುರ್ಕೊಳ್ತೀನಿ.”

ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಅವರ ಕಷ್ಟ ನಿಜವಾಗಿಯೂ ಕಬ್ಬಿಣದ್ದೇ ಆಗಿತ್ತು. ದೊಡ್ಡ ಅಡ್ವಾನ್ಸ್ ಏಕೆ ಬೇಕು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಉತ್ತರದಲ್ಲಿಯೇ ದಾರಿಯೂ ಇರುತ್ತದೆ.

ಮೋಲ್ಡ್ ಕಂತನ್ನು ಅವಳು ಎರಡು ಭಾಗ ಮಾಡಿಸಿದ್ದು ನನಗೆ ಬಹಳ ಹಿಡಿಸಿತು. ಕಾಂಕ್ರೀಟ್ ಸುರಿದ ದಿನ ಶೇ 12, ಸೆಂಟ್ರಿಂಗ್ ಬಿಚ್ಚಿದ ಮೇಲೆ 5. ಸುರಿದ ದಿನ ಮೇಲಿನಿಂದ ನುಣ್ಣಗೆ ಕಾಣುವ ತಾರಸಿಯ ನಿಜಸ್ಥಿತಿ ಗೊತ್ತಾಗುವುದು ಹಲಗೆ ತೆಗೆದಾಗ. ಕೆಳಗೆ ಕಂಬಿ ಕಾಣುತ್ತಿದೆಯೇ, ಜಲ್ಲಿ ಎದ್ದು ಜೇನುಗೂಡಿನಂತೆ ಪೊಳ್ಳಾಗಿದೆಯೇ, ತೊಲೆ ಬಾಗಿದೆಯೇ ಎಂಬುದು ಆಗಷ್ಟೇ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ ಕಾಂಕ್ರೀಟ್ ಮಾನಕ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಅಗಲದ ತಾರಸಿಗೆ ಕೊಟ್ಟ ಆಸರೆಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಈ ದಿನಗಳು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ್ದು. ಮನೆಗಳಿಗೆ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟಿಗೆ ಇನ್ನಷ್ಟು ಕಾಯಬೇಕು, ನೀರು ಕಟ್ಟುವುದೂ ಕನಿಷ್ಠ 10 ದಿನ. ಕಂತಿನ ಒಂದು ಪಾಲು ಬಾಕಿ ಇದ್ದರೆ ಈ ದಿನಗಳನ್ನು ಎಣಿಸುವವರು ಇಬ್ಬರಾಗುತ್ತಾರೆ.

ಹಂತ ಎಂದರೆ ಏನೆಂದೂ ಬಿಡಿಸಿ ಬರೆಯಬೇಕು. ‘ಗಾರೆ ಮುಗಿದಾಗ’ ಎಂದರೆ ಒಳಗಿನದೋ ಹೊರಗಿನದೋ? ಸಜ್ಜೆ, ಪ್ಯಾರಾಪೆಟ್ ಸೇರಿದೆಯೋ? ಸಂಪು, ಕಾಂಪೌಂಡು, ಹೆಚ್ಚುವರಿ ಕರೆಂಟ್ ಪಾಯಿಂಟುಗಳ ದರ ಮೊದಲೇ ಬೇರೆಯಾಗಿ ಇರಲಿ. ಇವನ್ನು ಕಂತಿನೊಳಗೆ ಬೆರೆಸಿದರೆ ಯಾರು ಯಾರಿಗೆ ಬಾಕಿ ಎಂಬುದೇ ತಿಳಿಯದಂತಾಗುತ್ತದೆ. ಜಿಎಸ್‌ಟಿ ವಿಷಯವನ್ನೂ ಅಲ್ಲೇ ತೀರ್ಮಾನಿಸಿ. ಸಾಮಾನು ನಿಮ್ಮದಾಗಿ ಬರೀ ಕೂಲಿ ಗುತ್ತಿಗೆಯಾದರೆ ಒಂಟಿ ಮನೆಗೆ ತೆರಿಗೆ ಇಲ್ಲ; ಸಾಮಾನು ಸಮೇತವಾದರೆ, ನೋಂದಾಯಿತ ಗುತ್ತಿಗೆದಾರರಿಗೆ ಶೇ 18 ಇದೆ. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂಬ ಒಂದು ಸಾಲು ಲಕ್ಷಗಳ ಜಗಳವನ್ನು ತಪ್ಪಿಸುತ್ತದೆ.

ಗೃಹಸಾಲ ತೆಗೆದವರಿಗೆ ಇನ್ನೊಂದು ಇಕ್ಕಟ್ಟು. ಬ್ಯಾಂಕು ಮೊದಲು ನಿಮ್ಮ ಪಾಲಿನ ದುಡ್ಡು ಹಾಕಲು ಹೇಳುತ್ತದೆ, ಆಮೇಲೆ ಎಂಜಿನಿಯರ್ ಬಂದು ನೋಡಿದ ಹಂತಕ್ಕೆ ತಕ್ಕಂತೆ ಬಿಡುಗಡೆ ಮಾಡುತ್ತದೆ. ಬ್ಯಾಂಕಿನ ಹಂತಗಳೇ ಒಂದು, ಕರಾರಿನ ಹಂತಗಳೇ ಇನ್ನೊಂದು ಆದರೆ ನಡುವಿನ ದುಡ್ಡಿಗಾಗಿ ಒಡವೆ ಅಡವಿಡಬೇಕಾಗುತ್ತದೆ. ಆದ್ದರಿಂದ ಬ್ಯಾಂಕಿನ ಹಂತಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗುತ್ತಿಗೆದಾರರ ಮುಂದೆ ಕೂರಬೇಕು. ಹಂತ ಮುಗಿದ ಎಷ್ಟು ದಿನದೊಳಗೆ ದುಡ್ಡು ಎಂಬುದನ್ನೂ ಬರೆಯಬೇಕು.

ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆಯ ರಕ್ಷಣೆ ಇದೆ. ಕರಾರು ನೋಂದಣಿಯಾಗದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಬಂದ ದುಡ್ಡಿನಲ್ಲಿ ಶೇ 70ನ್ನು ಆ ಯೋಜನೆಯದೇ ಖಾತೆಯಲ್ಲಿಟ್ಟು, ಆದ ಕೆಲಸಕ್ಕೆ ತಕ್ಕಷ್ಟನ್ನೇ ತೆಗೆಯಬೇಕು. ಸ್ವಂತ ಸೈಟಿನಲ್ಲಿ ಮನೆ ಕಟ್ಟಿಸುವವರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಅದರ ಒಳತತ್ವವನ್ನು ನಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಜಗಳ ಬಂದರೆ ಗ್ರಾಹಕರ ಆಯೋಗ ಇದೆ. ಮನೆ ಕಟ್ಟಿಕೊಡುವುದೂ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ದೂರಿಗೆ ಎರಡು ವರ್ಷದ ಗಡುವು. ಅಲ್ಲಿ ನಿಲ್ಲುವುದು ಸಹಿ ಇರುವ ಕಾಗದ ಮತ್ತು ಬ್ಯಾಂಕ್ ಪಾವತಿಯ ದಾಖಲೆ, ಕೈಗೆ ಕೊಟ್ಟ ನೋಟಿನ ಕಟ್ಟಲ್ಲ.

ಕೊನೆಯ ಕಂತಿನದು ಬೇರೆಯೇ ಕಥೆ. ಆಷಾಢಕ್ಕೆ ಮೊದಲು ಗೃಹಪ್ರವೇಶ ಆಗಲೇಬೇಕು ಎಂದು ಮುಹೂರ್ತ ಇಟ್ಟು, ಕಾರ್ಡು ಹಂಚಿದ ಮೇಲೆ ಮಾಲೀಕರ ಕೈ ಕಟ್ಟಿದಂತೆ. ಬಾಕಿ ಎಲ್ಲ ಕೊಟ್ಟರಷ್ಟೇ ಬಣ್ಣ ಮುಗಿಯುತ್ತದೆ. ಆದ್ದರಿಂದ ಕೊನೆಯ ಕಂತನ್ನು ಗೃಹಪ್ರವೇಶಕ್ಕೆ ಕಟ್ಟಬೇಡಿ. ಇಬ್ಬರೂ ಮನೆಯೆಲ್ಲ ಸುತ್ತಿ ಬರೆದ ಬಾಕಿ ಕೆಲಸಗಳ ಪಟ್ಟಿಗೆ ಕಟ್ಟಿ. ಅದರ ಮೇಲೆ ಶೇ 3ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಿ. ತಾರಸಿ ಸೋರುವುದು, ಕಿಟಕಿಯ ಅಂಚಿನಲ್ಲಿ ನೀರು ಇಳಿಯುವುದು ಮಳೆಯಲ್ಲೇ ತಿಳಿಯಬೇಕು.

ಈ ಮಾತಿಗೆ ತಂಗಿಯ ಗುತ್ತಿಗೆದಾರರು, “ಹಿಡಿದ ದುಡ್ಡನ್ನ ಆಮೇಲೆ ಯಾರೂ ಕೊಡಲ್ಲ ಮೇಡಂ, ಫೋನೇ ಎತ್ತಲ್ಲ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಾಲೀಕರೂ ಮಾತು ತಪ್ಪುತ್ತಾರೆ. ಅದಕ್ಕೇ ಅವಳು ಕರಾರಿಗೆ ಎರಡು ಸಾಲು ಸೇರಿಸಿದಳು: ನವೆಂಬರ್ 30ರೊಳಗೆ ಲಿಖಿತ ದೂರು ಕೊಡದಿದ್ದರೆ ಆ ದುಡ್ಡು ಡಿಸೆಂಬರ್ 1ಕ್ಕೆ ಅವರ ಖಾತೆಗೆ ಹೋಗಬೇಕು, ತಡವಾದ ಪ್ರತಿ ತಿಂಗಳಿಗೆ ತಾನೇ ಬಡ್ಡಿ ಕೊಡಬೇಕು. ಗುತ್ತಿಗೆದಾರರು ಆ ಸಾಲುಗಳನ್ನು ಎರಡು ಸಲ ಓದಿ ಸಹಿ ಹಾಕಿದರು.